ಎಡಗಡೆಯ ಗಾಜು

ನನ್ನ ಗಂಡನ ಮೈಯಿಂದ ಆ ವರ್ಷ ಯಾವ ದಿನ ಯಾವ ಎಣ್ಣೆಯ ವಾಸನೆ ಬರುತ್ತಿತ್ತು ಎಂಬುದನ್ನು ನಾನು ಈಗಲೂ ಹೇಳಬಲ್ಲೆ. ಸೋಮವಾರ ಔಡಲೆಣ್ಣೆ, ಮಂಗಳವಾರ ಸೀಮೆಎಣ್ಣೆ, ಬುಧವಾರ ಬನಹಟ್ಟಿಯ ನೇಕಾರರ ಮನೆಯಿಂದ ಬಾಟಲಿಯಲ್ಲಿ ಬೇಡಿ ತಂದ ಮಗ್ಗದ ಎಣ್ಣೆ. ಗುರುವಾರ ಅವರು ಅಡುಗೆಮನೆಯ ಕುಸುಬಿ ಎಣ್ಣೆಯ ಡಬ್ಬಿಗೂ ಕೈಹಾಕಿದಾಗ ನಾನು ಸೌಟು ಹಿಡಿದುಕೊಂಡೇ ಅಂಗಳಕ್ಕೆ ಹೋಗಿದ್ದೆ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಮನುಷ್ಯ, ಇಸ್ತ್ರಿ ಕೆಡಬಾರದೆಂದು ಬಸ್ಸಿನಲ್ಲಿ ನಿಂತೇ ಹೋಗುವವರು, ಮನೆಗೆ ಬಂದರೆ ಬನಿಯನ್ನಿನಲ್ಲಿ ಒಂದು ಹಳೆಯ ಕಾರಿನ ಬಾಗಿಲಿಗೆ ಕಿವಿ ಹಚ್ಚಿ ಕೂತಿರುತ್ತಿದ್ದರು. ಒಳಗೆ ಏನು ಕೇಳಿಸುತ್ತದೆ ಎಂದು ಕೇಳಿದರೆ ಸುಮ್ಮನಿರು ಎಂದು ಕೈ ಸನ್ನೆ ಮಾಡುತ್ತಿದ್ದರು.

ನಾನು ತಾರವ್ವ. ಚಿಮ್ಮಡದ ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ದಿನವೆಲ್ಲ ಮಕ್ಕಳ ಹಟ ಸುಧಾರಿಸಿ ಮನೆಗೆ ಬಂದರೆ ಅಲ್ಲಿ ಇನ್ನಿಬ್ಬರು ಹಟಮಾರಿಗಳು. ಒಬ್ಬರು ಈ ನನ್ನ ಗಂಡ ಮಹಾಲಿಂಗ, ಇನ್ನೊಬ್ಬರು ಅವರ ತಾಯಿ, ನನ್ನ ಅತ್ತೆ ಹೊಳೆವ್ವ. ಅಂಗನವಾಡಿಯ ಮಕ್ಕಳಾದರೂ ಶೇಂಗಾ ಚಿಕ್ಕಿ ಕೊಟ್ಟರೆ ಸುಮ್ಮನಾಗುತ್ತವೆ.

ಕಾರು ಮಾವ ಸಿದರಾಯರದು. ಕುರಿ ಕಾಯ್ದುಕೊಂಡು ಬಂದ ನಮ್ಮ ಮನೆತನದಲ್ಲಿ ನಾಲ್ಕು ಗಾಲಿಯ ಗಾಡಿ ತಂದ ಮೊದಲಿಗರು ಅವರೇ. ಜಮಖಂಡಿಯ ಹತ್ತಿ ವ್ಯಾಪಾರಿಯೊಬ್ಬರು ಓಡಿಸಿ ಓಡಿಸಿ ಸಾಕಾಗಿ ಮಾರಿದ ಅಂಬಾಸಿಡರ್ ಅದು. ಅದರ ಕಾಲದ ಕಾರುಗಳೆಲ್ಲ ಗುಜರಿಗೆ ಹೋಗಿದ್ದವು. ಮಾವ ಮಾತ್ರ ಹೆಗಲ ಮೇಲೆ ಕಂಬಳಿ ಹಾಕಿಕೊಂಡೇ ಸ್ಟೇರಿಂಗ್ ಹಿಡಿಯುತ್ತಿದ್ದರು. ಮುಂದಿನ ಎಡಗಡೆಯ ಕಿಟಕಿ ಅತ್ತೆಯ ಜಾಗ. ಮೊಣಕೈ ಹೊರಗೆ ಚಾಚಿ, ದಾರಿಯಲ್ಲಿ ಬೀರಪ್ಪನ ಗುಡಿ ಕಂಡಲ್ಲೆಲ್ಲ ಸೊಂಟದ ಸಂಚಿಯಿಂದ ಚಿಟಿಕೆ ಭಂಡಾರ ತೆಗೆದು ಹೊರಗೆ ಹಾರಿಸುತ್ತಿದ್ದರು. ಅದರಲ್ಲಿ ಅರ್ಧ ಗಾಳಿಗೆ ವಾಪಸು ಬಂದು ಹಿಂದೆ ಕೂತ ನನ್ನ ಮುಖಕ್ಕೇ ಬೀಳುತ್ತಿತ್ತು. ಹೊಸ ಸೊಸೆ, ಅರಿಷಿಣ ಬಿದ್ದರೆ ಶುಭ ಎಂದು ನಗುತ್ತಿದ್ದೆ.

ಅತ್ತೆಯ ಇನ್ನೊಂದು ಹೆಮ್ಮೆಯನ್ನೂ ಇಲ್ಲೇ ಹೇಳಿಬಿಡಬೇಕು. ಮನೆಯಲ್ಲಿ ಕಂಬಳಿ ನೇಯುತ್ತಿದ್ದ ಕಾಲದಲ್ಲಿ ಉಣ್ಣೆ ನೂಲುವುದೂ ಗಂಜಿ ಹಾಕುವುದೂ ಅವರ ಕೆಲಸವಾಗಿತ್ತು. ಹುಣಸೆ ಬೀಜ ಹುರಿದು, ಬೀಸಿ, ಕುದಿಸಿ ಮಾಡುವ ಗಂಜಿ. ಬೇರೆಯವರ ಗಂಜಿ ಹಾಕಿದ ಕಂಬಳಿ ಮಡಚಿದರೆ ಮಡಚಿಕೊಳ್ಳುತ್ತದೆ. ಹೊಳೆವ್ವನ ಗಂಜಿಯ ಕಂಬಳಿಯನ್ನು ನೆಲದ ಮೇಲಿಟ್ಟರೆ ಅದು ತಾನೇ ನಿಲ್ಲುತ್ತಿತ್ತಂತೆ. ಅಂಚಿನಲ್ಲಿ ಒಂದು ಕೆಂಪು ಎಳೆ ಹಾಕಿಸುವುದು ಅವರ ಗುರುತು. ಸಂತೆಯಲ್ಲಿ ಕೆಂಪು ಎಳೆ ನೋಡಿಯೇ ಜನ ಕೇಳಿಕೊಂಡು ಬರುತ್ತಿದ್ದರೆಂದು ಅತ್ತೆ ಹೇಳುತ್ತಾರೆ. ಮಾವ ಇದ್ದಾಗ ಈ ಮಾತು ಬಂದರೆ ಅವರು ಕೆಮ್ಮುತ್ತಿದ್ದರು.

ಅತ್ತೆಯ ತಂಗಿ ಸೋಮವ್ವ ಬೀಳಗಿಯಲ್ಲಿದ್ದಾಳೆ. ಅಕ್ಕತಂಗಿಯರ ತವರೂರು ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಸೋಮವ್ವನನ್ನು ಅದೇ ಊರಿನಲ್ಲಿ ಕೊಟ್ಟಿದ್ದರಿಂದ ಅವಳ ಮನೆಯೂ ಹೋಯಿತು. ಬೀಳಗಿಯಲ್ಲಿ ಹೊಸ ಮನೆ ಕಟ್ಟುವಾಗ ನಮ್ಮ ಅತ್ತೆ ಮಾವ ಆ ಕಾರಿನಲ್ಲೇ ಎಷ್ಟೋ ಸಲ ಹೋಗಿಬಂದರು. ಒಮ್ಮೆ ವಾಪಸು ಬರುವಾಗ ದಾರಿಯಲ್ಲಿ ಜೋರು ಮಳೆ ಹಿಡಿಯಿತು. ಎಡಗಡೆಯ ಗಾಜು ಮೇಲೆ ನಿಲ್ಲದೆ ಗಡಗಡ ಜಾರಿ ಬಾಗಿಲೊಳಗೆ ಬೀಳುತ್ತಿತ್ತು. ಅತ್ತೆಯ ಹೊಸ ಇಳಕಲ್ ಸೀರೆ ತೊಯ್ದು ತೊಪ್ಪೆಯಾಯಿತು. ಅವರು ಮಾವನನ್ನು ಒಂದು ವಾರ ಬಿಡಲಿಲ್ಲ. ಕೊನೆಗೆ ಮಾವ ಗಾಜಿನ ಸಂದಿಗೆ ಏನೋ ತುರುಕಿ ಬಿಗಿಮಾಡಿದರು. ನಾನಾಗ ಪಂಚಮಿ ಹಬ್ಬಕ್ಕೆ ತವರಿಗೆ ಹೋಗಿದ್ದೆ, ಏನು ತುರುಕಿದರೆಂದು ನೋಡಲಿಲ್ಲ. ಗಾಜು ಮೇಲೇರಿ ನಿಂತಿತು. ಆ ಸಲದ ಮಳೆಗಾಲ ಮುಗಿಯುವಷ್ಟರಲ್ಲಿ ಅದು ಎಷ್ಟು ಬಿಗಿಯಾಗಿ ನಿಂತಿತೆಂದರೆ ಆಮೇಲೆ ಇಳಿಯಲೇ ಇಲ್ಲ.

ಬೇಸಿಗೆಯಲ್ಲಿ ಸೋಮವ್ವನ ಮನೆಯ ಗೃಹಪ್ರವೇಶ ಬಂತು. ಮುಚ್ಚಿದ ಕಿಟಕಿ, ಬೆಂಕಿಯಂಥ ಬಿಸಿಲು. ಜಮಖಂಡಿ ಇನ್ನೂ ದೂರವಿರುವಾಗಲೇ ಅತ್ತೆ ಅದೇ ಇಳಕಲ್ ಸೀರೆಯ ಮೇಲೆ ವಾಂತಿ ಮಾಡಿಕೊಂಡರು. ಕಾರು ಮನೆಗೆ ತಿರುಗಿತು. ಅತ್ತೆ ಕಾರಿನಿಂದ ಇಳಿದವರೇ ನೆಟ್ಟಗೆ ದೇವರ ಜಗುಲಿಗೆ ಹೋಗಿ, ಭಂಡಾರದ ಬಟ್ಟಲಲ್ಲಿ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಈ ಕಾರಿನ ಈ ಗಾಜು ಕೆಳಗ ಇಳಿದ ಮ್ಯಾಲೇ ನಾ ಬೀಳಗಿಗೆ ಹೋಗಾಕಿ. ಅದೂ ಇದ ಕಾರಿನ್ಯಾಗ. ಬೀರಪ್ಪನ ಆಣಿ."

ಭಂಡಾರ ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಸಿಟ್ಟಿನಲ್ಲಿ ಅಂದೆ ಎಂದು ದೇವರಿಗೆ ಹೇಳಲಿಕ್ಕಾಗುತ್ತದೆಯೇ? ಮಾವ ಪಾಪ, ದಿನಾ ಸಂಜೆ ಔಡಲೆಣ್ಣೆಯ ಬಟ್ಟಲು, ಒಂದು ಕೋಳಿ ಪುಕ್ಕ ಹಿಡಿದು ಆ ಸಂದಿಗೆ ಎಣ್ಣೆ ಸವರುತ್ತ ಕೂರುತ್ತಿದ್ದರು. ಅತ್ತೆ ಪಡಸಾಲೆಯಿಂದಲೇ, ಕುರಿ ಕಾಯುವವನಿಗೆ ಕಾರು ಯಾಕೆ ಬೇಕಿತ್ತು ಎಂದು ಎತ್ತಿ ಆಡುತ್ತಿದ್ದರು. ಮಾವ ತಿರುಗಿ ಒಂದು ಮಾತೂ ಆಡಲಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅವರು ತೀರಿಕೊಂಡರು. ಕಾರಿನ ಮೇಲೆ ತಾಡಪತ್ರಿ ಬಿತ್ತು. ಅತ್ತೆಯ ಬೈಗಳು ಮಾತ್ರ ನಿಲ್ಲಲಿಲ್ಲ. ಬೀಳಗಿಯ ಹೆಸರು ಬಂದಾಗಲೆಲ್ಲ, ಆ ಮನುಷ್ಯ ನನ್ನನ್ನು ತಂಗಿಯಿಂದ ಅಗಲಿಸಿ ಹೋದ ಎನ್ನುತ್ತಿದ್ದರು. ಸೋಮವ್ವನಿಗೆ ಮಂಡಿ ನೋವು, ಅವಳೂ ಬರುವಂತಿರಲಿಲ್ಲ. ಫೋನಿನಲ್ಲಿ ಇಬ್ಬರೂ ಸೇರಿ ಸತ್ತವರನ್ನು ಬೈದು ಸಮಾಧಾನ ಪಟ್ಟುಕೊಳ್ಳುತ್ತಿದ್ದರು. ನನಗೆ ಅದು ಸೇರುತ್ತಿರಲಿಲ್ಲ. ಮಾವ ನನ್ನನ್ನು ಮಗಳಂತೆ ನೋಡಿಕೊಂಡವರು.

ಹೀಗಿರುವಾಗ ಸೋಮವ್ವನ ಮಗ ಹಾಲಸಿದ್ದಪ್ಪ ಒಂದು ದಿನ ಬಂದ. ಅವನ ಮಗಳು ಮೂರು ತಿಂಗಳ ಬಸುರಿ. ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡುತ್ತೇವೆ, ಅಕ್ಕ ಈಗಿನಿಂದಲೇ ತಯಾರಿ ಮಾಡಿಕೊಳ್ಳಲಿ ಎಂದು ತಾಯಿ ಹೇಳಿ ಕಳಿಸಿದ್ದಳು. ಹಾಲಸಿದ್ದಪ್ಪ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ನೆಲ ನೋಡುತ್ತ ಉಳಿದದ್ದನ್ನೂ ಹೇಳಿದ.

"ಅವ್ವ ಏನಂದಾಳಂದ್ರ ದೊಡ್ಡವ್ವ, ಈ ಕುಬಸಕ್ಕ ಅಕ್ಕ ಬರಲಿಲ್ಲಂದ್ರ ನನ್ನ ಮಣ್ಣಿಗೂ ಬರೂದು ಬ್ಯಾಡ ಅಂತ."

ಅತ್ತೆ ಎದ್ದು ಒಳಗೆ ಹೋದರು. ಆ ದಿನ ಊಟಕ್ಕೆ ಕೂತವರು ಅರ್ಧ ರೊಟ್ಟಿ ಬಿಟ್ಟು ಎದ್ದರು. ನಾನು ಆ ಮನೆಗೆ ಬಂದಮೇಲೆ ಅತ್ತೆ ರೊಟ್ಟಿ ಬಿಟ್ಟದ್ದು ನೋಡಿರಲಿಲ್ಲ. ಮರುದಿನ ನನ್ನ ಗಂಡ ಕಾರಿನ ಮೇಲಿನ ತಾಡಪತ್ರಿ ಎಳೆದರು.

ಆಮೇಲೆ ಬೀಳಗಿಯಲ್ಲಿ ಹುಡುಗಿಯ ಹೊಟ್ಟೆ ಬೆಳೆಯಿತು, ಚಿಮ್ಮಡದಲ್ಲಿ ಕಾರು. ಬನಹಟ್ಟಿಯ ಗ್ಯಾರೇಜಿನ ಪರಮಾನಂದ ಹಳೆಯ ಕಾರು ಎಂದರೆ ಊಟ ಬಿಡುವ ಹುಚ್ಚ. ಅವನೂ ನನ್ನ ಗಂಡನೂ ಜೊತೆಗೂಡಿದ್ದು ನನ್ನ ಕರ್ಮ. ಎಂಜಿನ್ ಬಿಚ್ಚಿ ಕಟ್ಟಿದರು. ಸೀಟಿಗೆ ಹೊಸ ಹೊದಿಕೆ ಬಂತು. ತುಕ್ಕು ಹಿಡಿದ ಜಾಗವೆಲ್ಲ ಕೆರೆದು ಮೊದಲಿದ್ದ ಹಾಲಿನ ಬಣ್ಣವನ್ನೇ ಹೊಡೆಸಿದರು. ಕಾರು ಅಂಗಳಕ್ಕೆ ಬಂದು ನಿಂತಾಗ ಓಣಿಯ ಜನ ಕೈ ಕಟ್ಟಿಕೊಂಡು ನೋಡಿದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅತ್ತೆ ಒಂದು ಸುತ್ತು ಹಾಕಿ, ಎಡಗಡೆಯ ಮುಂದಿನ ಬಾಗಿಲ ಬಳಿ ನಿಂತು, ಹಿಡಿಕೆ ತಿರುವಿ ನೋಡಿ, ತಿರುಗಿ ಹೋದರು. ಉಳಿದ ಮೂರು ಗಾಜುಗಳೂ ಬೆಣ್ಣೆಯಲ್ಲಿ ಜಾರಿದಂತೆ ಇಳಿಯುತ್ತಿದ್ದವು. ಇದೊಂದು ಅಲುಗಲಿಲ್ಲ.

ಪರಮಾನಂದ ಬಾಗಿಲಿನ ಒಳಗಿನ ರಟ್ಟು ಬಿಚ್ಚಿ ನಮಗೆಲ್ಲ ತೋರಿಸಿದ. ಹಿಡಿಕೆ ತಿರುವಿದರೆ ಒಂದು ಹಲ್ಲಿನ ಚಕ್ರ ತಿರುಗುತ್ತದೆ, ಚಕ್ರ ಒಂದು ತೋಳನ್ನು ಎಳೆಯುತ್ತದೆ, ತೋಳು ಗಾಜನ್ನು ಇಳಿಸುತ್ತದೆ. ಅವನು ಹಳೆಯ ಗ್ರೀಸು ಒರೆಸಿ ಹೊಸದು ತುಂಬಿದ. ಚಕ್ರ ಸವೆದು ಸಡಿಲವಾಗಿತ್ತೇ ಹೊರತು ಹಿಡಿದಿರಲಿಲ್ಲ. ಹಿಡಿದುಕೊಂಡಿದ್ದು ಗಾಜಿನ ಎರಡೂ ಅಂಚುಗಳು ಕೂರುವ ಸಂದಿ. ಅದರೊಳಗೆ ಕಪ್ಪಗೆ ಏನೋ ಒಣಗಿ ಕೂತಿತ್ತು. ಮಾವನ ಕಾಲದ ಔಡಲೆಣ್ಣೆ, ಅದರ ಮೇಲೆ ಧೂಳು, ಧೂಳಿನ ಮೇಲೆ ಅತ್ತೆಯ ಭಂಡಾರ. ಕಂಪನಿಯವರು ಹಾಕಿದ ರಬ್ಬರೇ ಹಳತಾಗಿ ಕಲ್ಲಾಗಿದೆ ಎಂದು ಪರಮಾನಂದ ತೀರ್ಮಾನಿಸಿದ. ಜೋರು ಮಾಡಿದರೆ ಗಾಜು ಒಡೆಯುತ್ತದೆ, ಎಣ್ಣೆ ಬಿಡುತ್ತ ಹೋಗೋಣ, ನಿಧಾನಕ್ಕೆ ಬಿಡುತ್ತದೆ ಎಂದ. ಎಣ್ಣೆಗಳ ವಾರ ಶುರುವಾದದ್ದು ಹೀಗೆ.

ಅದು ವಾರವಾಗಿ ನಿಲ್ಲಲಿಲ್ಲ. ಸಿಕ್ಕ ಎಣ್ಣೆಯೆಲ್ಲ ಆ ಸಂದಿಗೆ ಹೋಯಿತು. ಇಂಜೆಕ್ಷನ್ ಸಿರಿಂಜಿನಲ್ಲಿ, ಪುಕ್ಕದಲ್ಲಿ, ಊದುಬತ್ತಿಯ ಕಡ್ಡಿಯಲ್ಲಿ. ಹೊಸ ಬಣ್ಣದ ಮೇಲೆ ಕಪ್ಪು ಗೆರೆಗಳು ಇಳಿದವು. ಗಾಜು ತನಗೆ ಸಂಬಂಧವಿಲ್ಲದಂತೆ ನಿಂತಿತ್ತು. ಓಣಿಯಲ್ಲಿ ಬಂದವರೆಲ್ಲ ಒಂದೊಂದು ಎಣ್ಣೆಯ ಹೆಸರು ಹೇಳಿ ಹೋಗುತ್ತಿದ್ದರು.

ಕುಬಸದ ದಿನ ಹತ್ತಿರವಾಯಿತು. ನನ್ನ ಗಂಡ ತಾಯಿಯ ಮುಂದೆ ಕೂತು ಮೆಲ್ಲಗೆ ಹೇಳಿ ನೋಡಿದರು: ಗಾಜನ್ನೇ ಒಡೆದು ಬೇರೆ ಹಾಕಿಸೋಣ, ಕಿಟಕಿ ತೆರೆದಂತೆಯೇ ಆಯಿತಲ್ಲ. ಅತ್ತೆ ಅವರನ್ನು ನೋಡಿದ ನೋಟಕ್ಕೆ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಇಳಿದ ಮೇಲೆ ಎಂದಿದ್ದೇನೆ, ಒಡೆದ ಮೇಲೆ ಎಂದಿಲ್ಲ, ಬೀರಪ್ಪನಿಗೆ ಟೋಪಿ ಹಾಕಲು ಬ್ಯಾಂಕಿನಲ್ಲಿ ಕಲಿತೆಯಾ ಎಂದು ಕೇಳಿದರು. ಆದರೆ ಹಾಗೆ ಹೇಳಿ ಎದ್ದವರು ಹಿತ್ತಲಲ್ಲಿ ಒಬ್ಬರೇ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡೆ. ಹಟ ಅವರದು ನಿಜ. ಆದರೆ ಆ ಹಟ ಅವರನ್ನೂ ಅಷ್ಟೇ ಬಿಗಿಯಾಗಿ ಹಿಡಿದಿತ್ತು.

ನಾಳೆ ಕುಬಸ ಎನ್ನುವ ದಿನ ಭಾನುವಾರ. ಬೆಳಿಗ್ಗೆ ಎದ್ದವರೇ ನನ್ನ ಗಂಡ ಕಾರಿಗೆ ಅಂಟಿಕೊಂಡರು. ನಾನು ನೀರು ಕಾಯಿಸಿ ಸ್ನಾನಕ್ಕೆ ಕರೆದೆ. ಬಂದೆ ಎಂದರು. ನೀರು ಆರಿತು. ಮತ್ತೆ ಉರಿ ಹಾಕಿ ಕಾಯಿಸಿ ಕರೆದೆ. ಬಂದೆ ಎಂದರು. ಮೂರನೆಯ ಸಲ ನಾನು ಕರೆಯಲಿಲ್ಲ. ಹಬೆಯಾಡುವ ನೀರನ್ನು ಕೊಡಕ್ಕೆ ತುಂಬಿ, ಬಟ್ಟೆ ಒಗೆಯುವ ಪುಡಿಯನ್ನು ಕೈತುಂಬ ಸುರಿದು ಕದಡಿ, ಹೊತ್ತುಕೊಂಡು ಅಂಗಳಕ್ಕೆ ನಡೆದೆ.

"ನೀವಂತೂ ಜಳಕಾ ಮಾಡಂಗಿಲ್ಲ, ನಿಮ್ಮ ಕಾರರ ಮಾಡ್ಲಿ, ಸರೀರಿ" ಎಂದೆ.

ಅವರು ಸರಿದರು. ಕೊಡದ ನೀರನ್ನೆಲ್ಲ ಆ ಎಡಗಡೆಯ ಗಾಜಿನ ಮೇಲಂಚಿಗೆ, ಎರಡೂ ಸಂದಿಗಳಿಗೆ ಇಳಿಬಿಟ್ಟೆ. ಆ ಕಪ್ಪು ಗೆರೆಗಳನ್ನು ನೋಡಿ ನೋಡಿ ನನಗೆ ಹೇಸಿಗೆಯಾಗಿತ್ತು. ಒಂದು ಕೊಡಕ್ಕೆ ಸಮಾಧಾನವಾಗದೆ ಇನ್ನೊಂದು ತಂದೆ. ತೆಂಗಿನ ನಾರು ಹಿಡಿದು ಸಂದಿಯೊಳಗೆಲ್ಲ ತಿಕ್ಕಿದೆ. ಪರಮಾನಂದನಿಗೆ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾನೆ, ಒಳಗಿನ ಗ್ರೀಸೆಲ್ಲ ಹೋಗುತ್ತದೆ ಎಂದು ನನ್ನ ಗಂಡ ಗೋಳಾಡಿದರು. ಹೋಗಲಿ, ನನ್ನ ಕುಸುಬಿ ಎಣ್ಣೆಯೂ ಹೋಯಿತಲ್ಲ ಎಂದು ನಾನು ಒಳಗೆ ಬಂದು ರೊಟ್ಟಿ ಬಡಿಯಲು ಕೂತೆ.

ಮೂವರೂ ಊಟ ಮಾಡುತ್ತಿದ್ದೆವು. ಅಂಗಳದಲ್ಲಿ ಏನೋ ಕಿರ್ ಎಂದು, ಆಮೇಲೆ ದಡ್ ಎಂದಿತು. ಬೆಕ್ಕು ಏನೋ ಕೆಡವಿತೆಂದು ನಾನು ಕೂತೇ ಇದ್ದೆ. ಅತ್ತೆ ಮಾತ್ರ ಕೈಯಲ್ಲಿನ ತುತ್ತು ಕೈಯಲ್ಲೇ ಹಿಡಿದು ಎದ್ದುಹೋದರು. ನಾವೂ ಹಿಂದೆ ಓಡಿದೆವು.

ಎಡಗಡೆಯ ಗಾಜು ಇಳಿದಿತ್ತು. ಪೂರ್ತಿ. ಬಾಗಿಲೊಳಗೆ ಹೋಗಿ ಕೂತಿತ್ತು, ಒಂದು ಗೀರೂ ಬಿದ್ದಿರಲಿಲ್ಲ.

ನನ್ನ ಗಂಡ ನನ್ನನ್ನು ನೋಡಿದರು. ಅಂಥ ನೋಟ ಮದುವೆಯಲ್ಲೂ ನೋಡಿರಲಿಲ್ಲ. ಫೋನು ಮಾಡಿದ್ದಕ್ಕೆ ಪರಮಾನಂದ ಗಾಡಿ ಹತ್ತಿ ಬಂದ. ಸಂದಿಯೊಳಗೆ ಬೆರಳು ಹಾಕಿ, ಮೂಸಿ, ತುದಿ ಹಿಡಿದು ಎಳೆದ. ಕಪ್ಪಗೆ ಒದ್ದೆಯಾದ ಪಟ್ಟಿಯೊಂದು ಉದ್ದಕ್ಕೆ ಹೊರಗೆ ಬಂತು. ರಬ್ಬರಲ್ಲ. ಕಂಬಳಿ. ಒಗೆಯುವ ಪುಡಿಗೆ ಕೊಳೆ ಬಿಟ್ಟ ಕಡೆ ಅಂಚಿನಲ್ಲಿ ಒಂದು ಕೆಂಪು ಎಳೆ ಕಾಣುತ್ತಿತ್ತು. ಪಟ್ಟಿಯಿಂದ ಬಿಳಿಯ ಲೋಳೆ ಸೋರಿ ಪರಮಾನಂದನ ಬೆರಳುಗಳು ಒಂದಕ್ಕೊಂದು ಅಂಟಿದವು.

ಆಗ ಎಲ್ಲ ತಿಳಿಯಿತು. ಮಾವ ಗಾಜು ಬಿಗಿ ಮಾಡಲು ತುರುಕಿದ್ದು ತಮ್ಮ ಹೆಗಲ ಮೇಲಿನ ಕಂಬಳಿಯ ಅಂಚನ್ನು. ಆ ವರ್ಷ ಹೊಸದಾಗಿ ಹೊಳೆವ್ವನ ಗಂಜಿ ಕುಡಿದಿದ್ದ ಕಂಬಳಿ. ಮಳೆನೀರಿಗೆ ಹುಣಸೆ ಬೀಜದ ಗಂಜಿ ಕರಗಿತು, ಬಿಸಿಲಿಗೆ ಒಣಗಿತು, ಗಾಜನ್ನೂ ತಗಡನ್ನೂ ಸೇರಿಸಿ ಅಂಟಿಸಿತು. ಬಡಗಿಗಳು ಹಲಗೆ ಕೂಡಿಸುವ ಅಂಟೂ ಅದೇ ಬೀಜದ್ದು. ಅದಕ್ಕೆ ಎಣ್ಣೆ ಹತ್ತುತ್ತದೆಯೇ? ಬೇಕಾಗಿದ್ದು ಬಿಸಿನೀರು. ಮಾವ ಅಷ್ಟು ದಿನ, ಮಗ ಇಷ್ಟು ದಿನ ಎಣ್ಣೆ ಸುರಿದು ಸುರಿದು ಒಳಗಿನ ಗಂಜಿಗೆ ನೀರು ತಾಗದಂತೆ ಕಾಪಾಡಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ನೆಲದ ಮೇಲೆ ನಿಲ್ಲುವ ಕಂಬಳಿ, ಸಂದಿಯಲ್ಲೂ ನಿಂತುಬಿಟ್ಟಿತು ಎಂದು ಅತ್ತೆಯನ್ನು ಕಾಡಿಸಬೇಕೆಂದು ಬಾಯಿ ತೆರೆದೆ. ಅತ್ತೆಯ ಮುಖ ನೋಡಿ ಮುಚ್ಚಿದೆ. ಅವರು ಪಟ್ಟಿಯ ತುದಿಯನ್ನು ಹೆಬ್ಬೆರಳಿಂದ ಉಜ್ಜಿ ಉಜ್ಜಿ ನೋಡುತ್ತಿದ್ದರು. ಗಂಜಿ ಯಾರದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕುಡುಗೋಲು ತರಿಸಿ, ಆ ಪಟ್ಟಿಯ ಕೆಂಪು ಎಳೆಯ ತುದಿಯಿಂದ ಬೆರಳುದ್ದ ಕೊಯ್ದು, ಸೊಂಟದ ಸಂಚಿಗೆ ಸೇರಿಸಿ ಒಳಗೆ ಹೋದರು.

ಉಳಿದ ಕೆಲಸ ಸಲೀಸಾಗಿ ಆಯಿತು. ಪಟ್ಟಿಯನ್ನು ನಾನೇ ಬಿಸಿನೀರಿನಲ್ಲಿ ಗಂಜಿ ಪೂರ್ತಿ ಬಿಡುವವರೆಗೆ ಹಿಂಡಿ ಹಿಂಡಿ ತೊಳೆದು ಬಿಸಿಲಿಗೆ ಹಾಕಿದೆ. ಅದು ಕುರಿಮರಿಯ ಕಿವಿಯಂತೆ ಮೆತ್ತಗಾಯಿತು. ಸಂದಿ ಒಣಗಿಸಿ ಅದನ್ನೇ ತಿರುಗಿ ಕೂರಿಸಿದರು. ಸಂದಿಗೆ ಇನ್ನು ಎಣ್ಣೆ ತೋರಿಸಬಾರದು, ಎಣ್ಣೆ ಧೂಳನ್ನು ಹಿಡಿಯುತ್ತದೆ, ಗ್ರೀಸು ಏನಿದ್ದರೂ ಹಲ್ಲಿನ ಚಕ್ರಕ್ಕೆ ಮಾತ್ರ ಎಂದು ಪರಮಾನಂದ ಹೇಳಿ, ಗಾಜಿನ ಅಂಚಿಗೆ ಮೇಣದಬತ್ತಿ ತಿಕ್ಕಿದ. ಹಿಡಿಕೆ ಎರಡು ಬೆರಳಿಗೆ ತಿರುಗಿತು. ನನ್ನ ಗಂಡ ಸಂಜೆಯವರೆಗೆ ಅದನ್ನು ಏರಿಸುವುದು, ಇಳಿಸುವುದು. ಕೊನೆಗೆ ತಾವಾಗಿಯೇ ಸ್ನಾನಕ್ಕೆ ಹೋದರು.

ಮರುದಿನ ಅತ್ತೆ ಇಳಕಲ್ ಸೀರೆ ಉಟ್ಟು ತಮ್ಮ ಜಾಗದಲ್ಲಿ ಕೂತರು. ಅದೇ ಸೀರೆ. ಜಮಖಂಡಿ ದಾಟಿತು. ಮೊಣಕೈ ಹೊರಗೇ ಇತ್ತು. ಎಲ್ಲಿ ಗುಡಿ ಬಂದರೂ ಭಂಡಾರ ಹಾರಿತು, ಅರ್ಧ ನನ್ನ ಮುಖಕ್ಕೆ ಬಂತು, ನಾನು ಕಣ್ಣು ಮುಚ್ಚಿ ನಕ್ಕೆ. ಬೀಳಗಿ ಹತ್ತಿರವಾದಂತೆ ಬಲಗಡೆ, ಎಡಗಡೆ ಎನ್ನದೆ ಕಬ್ಬು, ಆಮೇಲೆ ದೂರದಲ್ಲಿ ಹಿನ್ನೀರಿನ ಹೊಳಪು. ಅತ್ತೆ ಅತ್ತಲೂ ಒಂದು ಮುಷ್ಟಿ ಭಂಡಾರ ಹಾರಿಸಿದರು. ತವರಿಗೆ ಎಂದು ನಾನು ತಿಳಿದುಕೊಂಡೆ.

ಸೋಮವ್ವನ ಮನೆಯ ಮುಂದೆ ಹಂದರ ಹಾಕಿದ್ದರು. ಹಾರ್ನ್ ಕೇಳಿ ಹೆಂಗಸರೆಲ್ಲ ಹೊರಗೆ ಬಂದರು. ಎಲ್ಲರನ್ನೂ ಸರಿಸಿಕೊಂಡು, ಕೋಲೂರಿಕೊಂಡು, ಸೋಮವ್ವ ನೆಟ್ಟಗೆ ಎಡಗಡೆಯ ಕಿಟಕಿಗೆ ಬಂದಳು. ಕಿಟಕಿಯೊಳಗೆ ಕೈ ಹಾಕಿ ಅಕ್ಕನ ಗದ್ದ ಹಿಡಿದು ನೋಡಿದಳು. ಆಮೇಲೆ ಬಾಯಿ ತೆರೆದದ್ದೇ ಹಳೆಯ ಹಾಡಿಗೆ.

"ಕಡೀಕರ ಬಂದ್ಯೆಲ್ಲಬೇ. ಎಂಥಾ ಗಂಡನ್ನ ಕಟಗೊಂಡಿದ್ದಿ ಯವ್ವಾ, ಒಂದ ಗಾಜಿನ ಸಲುವಾಗಿ ಅಕ್ಕಾ ತಂಗೀನ ಅಗಲಿಸಿ ಹ್ವಾದ."

ಫೋನಿನಲ್ಲಾಗಿದ್ದರೆ ಅತ್ತೆ ಇದಕ್ಕೆ ಇನ್ನೆರಡು ಸೇರಿಸುತ್ತಿದ್ದರು. ನನ್ನ ಗಂಡ ಸ್ಟೇರಿಂಗ್ ಮೇಲಿನ ಕೈ ತೆಗೆಯದೆ ಮುಂದೆ ನೋಡುತ್ತ ಕೂತರು. ಅತ್ತೆ ಸಂಚಿ ಬಿಚ್ಚಿದರು. ಬೆರಳುದ್ದದ ಆ ತುಂಡು ತೆಗೆದು ತಂಗಿಯ ಅಂಗೈಯಲ್ಲಿ ಇಟ್ಟರು. ತೊಳೆಯದೆ ಉಳಿದದ್ದು, ಒಣಗಿ ಕಟ್ಟಿಗೆಯಾಗಿತ್ತು.

"ಅವರಿಗೆ ಇನ್ನ ಮ್ಯಾಲೆ ಏನೂ ಅನಬ್ಯಾಡ ಸೋಮಿ. ಇದು ನನ್ನ ಗಂಜಿ. ಹೆಗಲ ಮ್ಯಾಲಿನ ಕಂಬಳಿ ಹರದು ಹಾಕಿದ್ರು, ನನಗ ಮಳಿ ಬಡೀಬಾರದಂತ. ಹಿಡದಿದ್ದು ನಂದು, ಬೈಸಿಕೊಂಡಿದ್ದು ಅವರು."

ಸೋಮವ್ವ ತುಂಡನ್ನು ತಿರುಗಿಸಿ ನೋಡಿದಳು, ಕೆಂಪು ಎಳೆಯ ಮೇಲೆ ಉಗುರು ಆಡಿಸಿದಳು, ಮಡಚಲು ನೋಡಿದಳು. ಅದು ಮಡಚಲಿಲ್ಲ. ಹೊಳೆವ್ವ ಗಂಜಿ ದಪ್ಪ ಮಾಡುತ್ತಾಳೆಂದು ತಮ್ಮ ತಾಯಿ ಆಗಿನಿಂದಲೂ ಹೇಳುತ್ತಿದ್ದಳಲ್ಲ ಎಂದು ಅವಳು ನಗಲು ಶುರುಮಾಡಿದಳು. ನಗುತ್ತ ನಗುತ್ತ ಅಳಲಿಕ್ಕೆ ಹತ್ತಿದಳು. ಅತ್ತೆಯೂ ಅತ್ತರು. ನನ್ನ ಗಂಡ ಕನ್ನಡಕ ತೆಗೆದು ಒರೆಸಿದರು. ನನಗಂತೂ ಮಾವ ಎಲ್ಲೋ ಕೆಮ್ಮಿದಂತಾಯಿತು.

ಆಮೇಲೆ ಸೋಮವ್ವ ಕೆಳಗಿಳಿಯಲು ಹೊರಟ ಅಕ್ಕನನ್ನು ಇಳಿಯಗೊಡಲಿಲ್ಲ. ಬಾಗಿಲು ತೆಗೆದು, ಒಳಗೆ ಸರಿ ಎಂದು ತಳ್ಳಿ, ಆ ಉದ್ದ ಸೀಟಿನ ಮೇಲೆ ತಾನೇ ಕಿಟಕಿಗೆ ಕೂತಳು. ಹಿನ್ನೀರಿನವರೆಗೆ ಒಂದು ಸುತ್ತು ಹಾಕಿಸೆಂದು ನನ್ನ ಗಂಡನಿಗೆ ಹೇಳಿದಳು. ಹಸಿರು ಸೀರೆ ಉಟ್ಟು, ಹೂವಿನ ದಂಡೆ ಮುಡಿದು ಕುಬಸಕ್ಕೆ ಕೂತಿದ್ದ ಹುಡುಗಿ ಬಾಗಿಲಿಗೆ ಬಂದು, ಅಜ್ಜಿ ಎಲ್ಲಿ ಹೊರಟಳು ಎಂದು ಕೇಳುತ್ತಿದ್ದಳು. ಅಜ್ಜಿಗೆ ಅದು ಕೇಳಿಸಲಿಲ್ಲ. ಅವಳು ಹಿಡಿಕೆ ಹಿಡಿದು ಗಾಜನ್ನು ಸರಸರ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡುತ್ತಿದ್ದಳು.

ಅತ್ತೆ ಅವಳ ಕೈ ಮೇಲೆ ಕೈ ಇಟ್ಟರು.

"ಸಾವಕಾಶ ತಿರುವು ಸೋಮಿ. ಅವರ ಕಂಬಳಿ ಐತಿ ಅದರಾಗ."

ಸೋಮವ್ವ ಸಾವಕಾಶ ತಿರುವಿದಳು.